ಒಂದೇ ಕೆಲಸ, ಎರಡು ಊರು: ಕ್ಲಿನಿಕಲ್ ಸೂಪರ್‌ವೈಸರ್ ಸಂಬಳದಲ್ಲಿ ಇಷ್ಟು ವ್ಯತ್ಯಾಸ ಯಾಕೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. ನೀವು ಅಮೆರಿಕದ ಟೆಕ್ಸಾಸ್‌ನಲ್ಲಿ ಎಲ್‌ಸಿಎಸ್‌ಡಬ್ಲ್ಯು, ಅಂದರೆ ಸ್ವತಂತ್ರವಾಗಿ ಥೆರಪಿ ಕೊಡಬಹುದಾದ ಲೈಸೆನ್ಸ್ ಇರುವ ಸೋಶಿಯಲ್ ವರ್ಕರ್. ಮಾನಸಿಕ ಆರೋಗ್ಯದ ಕ್ಲಿನಿಕ್‌ನಲ್ಲಿ ಕ್ಲಿನಿಕಲ್ ಸೂಪರ್‌ವೈಸರ್, ಅಂದರೆ ಥೆರಪಿಸ್ಟ್‌ಗಳ ಕೆಲಸ ನೋಡಿ ತಿದ್ದುವವರು, ಆಗಲು ಎರಡು ಕಡೆಯಿಂದ ಆಫರ್ ಬಂದಿದೆ. ಟೆಕ್ಸಾಸ್‌ನದೇ ಆದ ಸ್ಯಾನ್ ಆಂಟೋನಿಯೊದವರು ವರ್ಷಕ್ಕೆ 82 ಸಾವಿರ ಡಾಲರ್ ಅಂದಿದ್ದಾರೆ, ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದವರು 98 ಸಾವಿರ. ಕೆಲಸ ಅದೇ, ಹುದ್ದೆಯ ಹೆಸರೂ ಅದೇ. ಹಾಗಾದರೆ 16 ಸಾವಿರದ ವ್ಯತ್ಯಾಸ ಎಲ್ಲಿಂದ ಬಂತು, ಯಾವುದಕ್ಕೆ ಹೂಂ ಅನ್ನಲಿ ಅಂತ ಕೇಳಿದ್ದೀರಿ.

ನಾನು ಇದೇ ಕೆಲಸದಲ್ಲಿ 11 ವರ್ಷದಿಂದ ಇದ್ದೇನೆ. ಮೊದಲು ಟೆಕ್ಸಾಸ್, ಆಮೇಲೆ ಸ್ಯಾನ್ ಫ್ರಾನ್ಸಿಸ್ಕೊ ಪಕ್ಕದ ಬೇ ಏರಿಯಾ. ನೀವು ಈಗ ಹಾಕುತ್ತಿರುವ ಲೆಕ್ಕವನ್ನೇ ನಾನೂ ಹಾಕಿದ್ದೆ, ಮತ್ತು ತಪ್ಪು ಹಾಕಿದ್ದೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಮೊದಲು ಆ 16 ಸಾವಿರವನ್ನೇ ಹಿಡಿದುಕೊಳ್ಳೋಣ. ನೀವು ಒಬ್ಬರೇ ತೆರಿಗೆ ಕಟ್ಟುವವರು, ವಿಶೇಷ ವಿನಾಯಿತಿ ಏನೂ ಇಲ್ಲ ಅಂದುಕೊಳ್ಳಿ. ಈ ಎರಡೂ ಸಂಬಳದಲ್ಲಿ ಮೇಲ್ತುದಿಯ ಡಾಲರುಗಳು ಫೆಡರಲ್ ತೆರಿಗೆಯ 22 ಶೇಕಡಾ ಪಟ್ಟಿಯಲ್ಲಿ ಬೀಳುತ್ತವೆ. ಅಂದರೆ 16 ಸಾವಿರದಲ್ಲಿ 3,520 ಡಾಲರ್ ಅಲ್ಲಿಗೇ ಹೋಯಿತು. ಸೋಶಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್ ಸೇರಿ 7.65 ಶೇಕಡಾ, ಅದು 1,224. ಇವೆರಡು ಯಾವ ರಾಜ್ಯದಲ್ಲಿದ್ದರೂ ತಪ್ಪುವುದಿಲ್ಲ ಬಿಡಿ. ಆದರೆ ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಅನ್ನುವುದೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇದೆ, ಮತ್ತು ಅದು ಹೆಚ್ಚು ಬಂದ 16 ಸಾವಿರದ ಮೇಲೆ ಮಾತ್ರ ಅಲ್ಲ, ಪೂರ್ತಿ 98 ಸಾವಿರದ ಮೇಲೆ ಬೀಳುತ್ತದೆ. ಅದು ಐದು ಸಾವಿರದ ಹತ್ತಿರ ಆಗುತ್ತದೆ. ಇದರ ಜೊತೆ ಎಸ್‌ಡಿಐ ಅಂತ ಇನ್ನೊಂದು ಕಡಿತ. 2025ರಲ್ಲಿ ಅದು 1.2 ಶೇಕಡಾ, ನಿಮ್ಮ ಸಂಬಳಕ್ಕೆ 1,176 ಡಾಲರ್. ಎಲ್ಲ ಕಳೆದರೆ ಉಳಿಯುವುದು ಐದು ಸಾವಿರ ಚಿಲ್ಲರೆ. ತಿಂಗಳಿಗೆ 420 ಡಾಲರ್ ಆಸುಪಾಸು. ಗುಡ್ಡ ಅಗೆದು ಇಲಿ ಹಿಡಿದ ಹಾಗೆ, ಅಲ್ವಾ?

ಮದುವೆಯಾಗಿ ಇಬ್ಬರೂ ಜಂಟಿಯಾಗಿ ತೆರಿಗೆ ಕಟ್ಟುತ್ತಿದ್ದರೆ ಈ ಅಂಕಿಗಳು ಬದಲಾಗುತ್ತವೆ. ನಿಮ್ಮ ಲೆಕ್ಕ ನೀವೇ ಹಾಕಿ ನೋಡಿ. ಆದರೆ 16 ಸಾವಿರ 16 ಸಾವಿರವಾಗಿ ಕೈಗೆ ಬರುವುದಿಲ್ಲ ಅನ್ನುವುದು ಯಾರಿಗಾದರೂ ನಿಜ.

ನನಗೆ ಇದು ಗೊತ್ತಾಗಿದ್ದು ಮೊದಲ ಪೇಸ್ಲಿಪ್ ಬಂದ ದಿನ. ನನ್ನ ಆಫರಿನಲ್ಲಿ ವ್ಯತ್ಯಾಸ ಇನ್ನೂ ದೊಡ್ಡದಿತ್ತು, 24 ಸಾವಿರ. ಆ ಖುಷಿಯಲ್ಲೇ ಸಾಮಾನು ಕಟ್ಟಿ ಹೊರಟಿದ್ದೆ. ಇನ್ನೂ ಬಿಚ್ಚದ ರಟ್ಟಿನ ಡಬ್ಬಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಪೇಸ್ಲಿಪ್ ತೆರೆದೆ. ಟೆಕ್ಸಾಸ್‌ನಲ್ಲಿ ನೋಡಿಯೇ ಇರದ ಎರಡು ಸಾಲುಗಳು ಅದರಲ್ಲಿದ್ದವು. ಒಂದು ರಾಜ್ಯದ ತೆರಿಗೆ, ಇನ್ನೊಂದು ಎಸ್‌ಡಿಐ. ಎಸ್‌ಡಿಐ ಅಂದರೆ ಏನು ಅಂತ ಅವತ್ತು ಹುಡುಕಿ ಓದಿದೆ. ಕಾಯಿಲೆ ಬಿದ್ದಾಗ ಅಥವಾ ಹೆರಿಗೆಯಾದಾಗ ಸಂಬಳದ ಒಂದು ಪಾಲು ಕೊಡುವ ರಾಜ್ಯದ ವಿಮೆ. ಒಳ್ಳೆಯದೇ. ಆದರೆ ಆಫರ್ ಲೆಟರ್ ನೋಡಿ ಕುಣಿಯುವಾಗ ಯಾರೂ ಅದನ್ನು ಹೇಳಿರಲಿಲ್ಲ. ಕೆಳಗಿನ ನಿವ್ವಳ ಮೊತ್ತವನ್ನೂ ಬಾಡಿಗೆ ಕರಾರನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಟೆಕ್ಸಾಸ್‌ನಲ್ಲಿ ತಿಂಗಳ ಕೊನೆಗೆ ಉಳಿಯುತ್ತಿದ್ದುದಕ್ಕಿಂತ ಕಡಿಮೆ ಉಳಿಯುತ್ತಿತ್ತು.

ಬೆಲೆಗಳ ಮಾತು ಬಂತಲ್ಲ. ಅಮೆರಿಕ ಸರ್ಕಾರದ ಬಿಇಎ ಇಲಾಖೆ ಪ್ರತಿ ವರ್ಷ ರಾಜ್ಯವಾರು ಬೆಲೆ ಸೂಚ್ಯಂಕ ಕೊಡುತ್ತದೆ. ಇಡೀ ದೇಶದ ಸರಾಸರಿ 100 ಅಂತ ಇಟ್ಟುಕೊಂಡರೆ ಕ್ಯಾಲಿಫೋರ್ನಿಯಾ ಸುಮಾರು 112, ಟೆಕ್ಸಾಸ್ 97ರ ಆಸುಪಾಸು, ಅರ್ಕನ್ಸಾ 87ರ ಹತ್ತಿರ. ಕ್ಯಾಲಿಫೋರ್ನಿಯಾದ ಅಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ, ಲಾಸ್ ಏಂಜಲೀಸ್ ಎಲ್ಲ ಸೇರಿವೆ. ಸ್ಯಾಕ್ರಮೆಂಟೊ ಅಷ್ಟು ದುಬಾರಿ ಅಲ್ಲ. ಹಾಗಾಗಿ ನಿಮ್ಮ ಗತಿ ನನ್ನಷ್ಟು ಕೆಡುವುದಿಲ್ಲ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ವ್ಯತ್ಯಾಸ ಯಾಕೆ? "ಅಲ್ಲಿ ಖರ್ಚು ಜಾಸ್ತಿ, ಅದಕ್ಕೇ ಸಂಬಳ ಜಾಸ್ತಿ" ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ. ನನ್ನ ಅನುಭವದಲ್ಲಿ ಊರು ಸಂಬಳ ಕೊಡುವುದಿಲ್ಲ. ಕ್ಲಿನಿಕ್‌ಗೆ ದುಡ್ಡು ಯಾರಿಂದ ಬರುತ್ತದೆ ಅನ್ನುವುದು ಸಂಬಳ ಕೊಡುತ್ತದೆ.

ನಮ್ಮ ಕೆಲಸದ ಒಂದು ವಿಚಿತ್ರ ನೋಡಿ. ಥೆರಪಿಸ್ಟ್ ಒಂದು ಗಂಟೆ ಕ್ಲೈಂಟ್ ಜೊತೆ ಕೂತರೆ ಅದಕ್ಕೆ ಬಿಲ್ ಆಗುತ್ತದೆ. ಅದೇ ಥೆರಪಿಸ್ಟ್ ನಮ್ಮ ಜೊತೆ ಒಂದು ಗಂಟೆ ಸೂಪರ್‌ವಿಷನ್‌ಗೆ ಕೂತರೆ ಸಾಮಾನ್ಯವಾಗಿ ಯಾವ ಇನ್ಶೂರೆನ್ಸ್‌ಗೂ ಬಿಲ್ ಮಾಡಲು ಬರುವುದಿಲ್ಲ. ಆ ಗಂಟೆಗೆ ನಮಗೆ ಸಂಬಳ, ಅವರಿಗೂ ಸಂಬಳ, ಆದಾಯ ಸೊನ್ನೆ. ಲೆಕ್ಕಪತ್ರ ನೋಡುವವರ ಕಣ್ಣಿಗೆ ನಾವು ಬರೀ ಖರ್ಚು. ನಮ್ಮ ಸಂಬಳ ಬರುವುದು ನಮ್ಮ ಕೆಳಗಿನ ಆರೇಳು ಜನ ಮಾಡಿದ ಬಿಲ್ಲಿನಲ್ಲಿ ಮಿಕ್ಕಿದ್ದರಿಂದ. ಆ ಮಿಕ್ಕಿದ್ದು ಎಷ್ಟು ಅನ್ನುವುದು ಒಂದು ಸೆಷನ್‌ಗೆ ಆ ರಾಜ್ಯದಲ್ಲಿ ಎಷ್ಟು ಕೊಡುತ್ತಾರೆ ಅನ್ನುವುದರ ಮೇಲೆ ನಿಂತಿದೆ.

ಬಡವರ ವಿಮೆಯಾದ ಮೆಡಿಕೇಡ್ ದರವನ್ನು ಪ್ರತಿ ರಾಜ್ಯವೂ ತಾನೇ ನಿಗದಿ ಮಾಡುತ್ತದೆ. ಇದೇ ಮೂಲ ಕಾರಣ. ಅಷ್ಟೇ ಅಲ್ಲ, ಮೆಡಿಕೇಡ್ ಯಾರಿಗೆ ಸಿಗುತ್ತದೆ ಅನ್ನುವುದೂ ಬೇರೆ ಬೇರೆ. ಕ್ಯಾಲಿಫೋರ್ನಿಯಾ 2014ರಲ್ಲೇ ಅದನ್ನು ಕಡಿಮೆ ಆದಾಯದ ಎಲ್ಲ ವಯಸ್ಕರಿಗೂ ವಿಸ್ತರಿಸಿತು. ಟೆಕ್ಸಾಸ್ ವಿಸ್ತರಿಸಲಿಲ್ಲ. ಪರಿಣಾಮ ಏನು? ಟೆಕ್ಸಾಸ್‌ನ ಕ್ಲಿನಿಕ್ ಬಾಗಿಲಿಗೆ ಬರುವ ಎಷ್ಟೋ ವಯಸ್ಕರಿಗೆ ವಿಮೆಯೇ ಇರುವುದಿಲ್ಲ. ಅವರ ಖರ್ಚು ರಾಜ್ಯದ ಅನುದಾನದಿಂದ ಬರಬೇಕು, ಅದು ವರ್ಷಕ್ಕೆ ಇಷ್ಟೇ ಅಂತ ಇರುತ್ತದೆ. ಟೆಕ್ಸಾಸ್‌ನಲ್ಲಿ ನಾನಿದ್ದ ಕಡೆ ಪ್ರತಿ ಬಜೆಟ್ ಸಮಯದಲ್ಲೂ ಒಂದೇ ಮಾತು: "ಈ ವರ್ಷ ಇರುವುದರಲ್ಲೇ ಹೊಂದಿಸಿಕೊಂಡು ಹೋಗೋಣ." ಸೂಪರ್‌ವೈಸರ್ ಸಂಬಳ ಮೊದಲು ನಿಲ್ಲುತ್ತಿತ್ತು, ಯಾಕೆಂದರೆ ನಾವು ಬಿಲ್ ಮಾಡುವವರಲ್ಲವಲ್ಲ.

ಕ್ಯಾಲಿಫೋರ್ನಿಯಾ ಸ್ವರ್ಗ ಅಂತ ಹೇಳುತ್ತಿಲ್ಲ. ಅಲ್ಲಿ ಗಂಭೀರ ಮಾನಸಿಕ ಕಾಯಿಲೆಗಳ ಸೇವೆ ನಡೆಸುವುದು ಕೌಂಟಿಗಳು, ಅಂದರೆ ನಮ್ಮ ಜಿಲ್ಲಾಡಳಿತದಂಥವು. 2023ರ ಜುಲೈವರೆಗೆ ಕೌಂಟಿಗಳಿಗೆ ಆದ ಖರ್ಚಿನ ಲೆಕ್ಕದಲ್ಲಿ ದುಡ್ಡು ಬರುತ್ತಿತ್ತು. ಆಮೇಲೆ ಮಾಡಿದ ಸೇವೆಗೆ ಇಷ್ಟು ಅಂತ ದರ ಬಂತು. ಆವತ್ತಿನಿಂದ "ಪ್ರೊಡಕ್ಟಿವಿಟಿ" ಅನ್ನುವ ಪದ ನಮ್ಮ ಮೀಟಿಂಗ್‌ಗಳಲ್ಲಿ ದಿನಾ ಕೇಳಿಬರುತ್ತದೆ. ನಿಮ್ಮನ್ನು ಸೂಪರ್‌ವೈಸರ್ ಅಂತ ತೆಗೆದುಕೊಂಡು, ವಾರಕ್ಕೆ ಹತ್ತು ಹನ್ನೆರಡು ಕ್ಲೈಂಟ್‌ಗಳನ್ನೂ ನೋಡಿ ಅನ್ನಬಹುದು. 98 ಸಾವಿರದ ಒಳಗೆ ಅದು ಅಡಗಿ ಕೂತಿದೆಯಾ ಅಂತ ಕೇಳಿ. ನನಗೆ ಅದೇ ಆಗಿದ್ದು. ಟೆಕ್ಸಾಸ್‌ನಲ್ಲಿ ನನಗೆ ಸ್ವಂತ ಕ್ಲೈಂಟ್‌ಗಳು ಮೂರು ಜನ. ಹೊಸ ಕಡೆ ಸೇರಿದ ಎರಡನೇ ವಾರಕ್ಕೆ ಒಂಬತ್ತು ಜನ, ಜೊತೆಗೆ ತಿಂಗಳಲ್ಲಿ ಒಂದು ವಾರ ರಾತ್ರಿ ಕ್ರೈಸಿಸ್ ಫೋನ್. ಹೆಚ್ಚು ಸಂಬಳ ಅಂದುಕೊಂಡಿದ್ದು ಹೆಚ್ಚು ಕೆಲಸದ ಕೂಲಿಯಾಗಿತ್ತು.

ಫೋನ್ ಅಂದ ಕೂಡಲೇ ಇನ್ನೊಂದು ನೆನಪಾಯಿತು. ನಿಮ್ಮ ಆಫರಿನಲ್ಲಿ "ಎಕ್ಸೆಂಪ್ಟ್" ಅಂತ ಬರೆದಿದೆಯಾ ನೋಡಿ. ಬರೆದಿದ್ದರೆ ಓವರ್‌ಟೈಮ್ ಇಲ್ಲ, ರಾತ್ರಿ ಎಷ್ಟು ಹೊತ್ತಿಗೆ ಎದ್ದರೂ ಅದೇ ಸಂಬಳ. ಕ್ಯಾಲಿಫೋರ್ನಿಯಾದಲ್ಲಿ ಒಬ್ಬರನ್ನು ಹಾಗೆ ಇಟ್ಟುಕೊಳ್ಳಬೇಕಾದರೆ ರಾಜ್ಯದ ಕನಿಷ್ಠ ಕೂಲಿಯ ಎರಡರಷ್ಟು ಸಂಬಳ ಕೊಡಲೇಬೇಕು. 2025ರಲ್ಲಿ ಕನಿಷ್ಠ ಕೂಲಿ ಗಂಟೆಗೆ 16.50 ಡಾಲರ್ ಇತ್ತು, ಅಂದರೆ ವರ್ಷಕ್ಕೆ 68,640. ಟೆಕ್ಸಾಸ್‌ನಲ್ಲಿ ಫೆಡರಲ್ ನಿಯಮ ಮಾತ್ರ, ಅದು 35,568. ಫೆಡರಲ್ ಮಿತಿಯನ್ನು ಏರಿಸುವ ನಿಯಮ 2024ರಲ್ಲಿ ಬಂದಿತ್ತು. ಅದನ್ನು ಆ ವರ್ಷದ ನವೆಂಬರ್‌ನಲ್ಲಿ ರದ್ದು ಮಾಡಿದ್ದು ಟೆಕ್ಸಾಸ್‌ನ ಒಂದು ಫೆಡರಲ್ ಕೋರ್ಟೇ. ನಿಮ್ಮ ಎರಡೂ ಆಫರ್ ಈ ಮಿತಿಗಳಿಗಿಂತ ಮೇಲಿವೆ, ನಿಜ. ಆದರೆ ಏಣಿಯ ಕೆಳಗಿನ ಮೆಟ್ಟಿಲು ಮೇಲೇರಿದರೆ ಮೇಲಿನ ಮೆಟ್ಟಿಲೂ ಏರಲೇಬೇಕು. ಕೆಳಗಿನವರಿಗೆ ಎಪ್ಪತ್ತರ ಹತ್ತಿರ ಕೊಟ್ಟು, ಅವರ ತಪ್ಪುಒಪ್ಪು ನೋಡುವವರಿಗೆ ಎಪ್ಪತ್ತೆರಡು ಕೊಟ್ಟರೆ ಯಾರು ಬರುತ್ತಾರೆ?

ಇದು ನರ್ಸಿಂಗ್‌ನಲ್ಲಿ ಇನ್ನೂ ಎದ್ದು ಕಾಣುತ್ತದೆ. ಒಬ್ಬ ನರ್ಸ್‌ಗೆ ಇಷ್ಟೇ ರೋಗಿಗಳು ಅಂತ ಕ್ಯಾಲಿಫೋರ್ನಿಯಾ 1999ರಲ್ಲಿ ಕಾನೂನು ಮಾಡಿತು, 2004ರಿಂದ ಅದು ಜಾರಿಯಲ್ಲಿದೆ. ಐಸಿಯುನಲ್ಲಿ ಇಬ್ಬರು ರೋಗಿಗಳಿಗೆ ಒಬ್ಬ ನರ್ಸ್. ಜೊತೆಗೆ ಬಲವಾದ ಯೂನಿಯನ್‌ಗಳು. 2023ರ ಸರ್ಕಾರಿ ಅಂಕಿಗಳಲ್ಲಿ ಕ್ಯಾಲಿಫೋರ್ನಿಯಾದ ನೋಂದಾಯಿತ ನರ್ಸ್ ಸರಾಸರಿ 1,37,690 ಡಾಲರ್ ಪಡೆಯುತ್ತಿದ್ದರು, ಸೌತ್ ಡಕೋಟಾದಲ್ಲಿ 69,030. ಹತ್ತಿರ ಹತ್ತಿರ ಎರಡರಷ್ಟು! ಬೆಲೆಗಳು ಎರಡರಷ್ಟು ಇಲ್ಲವಲ್ಲ. ಬರೀ ಖರ್ಚಿನ ಕಾರಣ ಹೇಳುವವರಿಗೆ ನಾನು ಯಾವಾಗಲೂ ಇದನ್ನೇ ತೋರಿಸುತ್ತೇನೆ. ನಮ್ಮ ಥೆರಪಿ ಕಡೆ ಅಂಥ ಕಾನೂನೂ ಇಲ್ಲ, ಅಷ್ಟು ಗಟ್ಟಿ ಯೂನಿಯನ್ನೂ ಎಲ್ಲ ಕಡೆ ಇಲ್ಲ. ಅದಕ್ಕೇ ನಮ್ಮಲ್ಲಿ ವ್ಯತ್ಯಾಸ ಅಷ್ಟು ದೊಡ್ಡದಲ್ಲ. ನಮ್ಮ ಮಟ್ಟವೂ ಕೆಳಗೇ. ಅದೇ 2023ರಲ್ಲಿ ಮಾನಸಿಕ ಆರೋಗ್ಯದ ಕೌನ್ಸೆಲರ್‌ಗಳ ನಡುಮಟ್ಟದ ಸಂಬಳ ದೇಶದಲ್ಲಿ 53,710 ಡಾಲರ್.

ಒಂದು ಎಚ್ಚರಿಕೆ. ಸಂಬಳ ತೋರಿಸುವ ಜಾಲತಾಣಗಳಲ್ಲಿ "ಕ್ಲಿನಿಕಲ್ ಸೂಪರ್‌ವೈಸರ್" ಅಂತ ಹುಡುಕಿ, ಬಂದ ಸರಾಸರಿಯನ್ನು ನಂಬಿ ಕೂರಬೇಡಿ. ಸರ್ಕಾರದ ಕಾರ್ಮಿಕ ಅಂಕಿಅಂಶ ಇಲಾಖೆಯಾದ ಬಿಎಲ್‌ಎಸ್‌ನ ಪಟ್ಟಿಯಲ್ಲಿ ಆ ಹೆಸರಿನ ಉದ್ಯೋಗವೇ ಇಲ್ಲ. ಆ ಹೆಸರು ಹೊತ್ತವರಲ್ಲಿ ನಮ್ಮಂಥವರಿದ್ದಾರೆ, ವಾರ್ಡ್ ನೋಡುವ ನರ್ಸ್‌ಗಳಿದ್ದಾರೆ, ಆಟಿಸಂ ಮಕ್ಕಳ ಜೊತೆ ಕೆಲಸ ಮಾಡುವ ನಡವಳಿಕೆ ತಜ್ಞರಿದ್ದಾರೆ (ಬಿಸಿಬಿಎ), ವಿಶ್ವವಿದ್ಯಾಲಯದ ಸ್ಪೀಚ್ ಕ್ಲಿನಿಕ್‌ನಲ್ಲಿ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವವರಿದ್ದಾರೆ. ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದು ಕಲಸಿದರೆ ಬರುವ ಅಂಕಿ ಯಾರದ್ದೂ ಅಲ್ಲ. ಒಂದು ರಾಜ್ಯದಲ್ಲಿ ನರ್ಸ್‌ಗಳ ಜಾಹೀರಾತು ಜಾಸ್ತಿ ಇದ್ದರೆ ಅಲ್ಲಿನ ಸರಾಸರಿ ಸುಮ್ನೆ ಮೇಲೆ ಹೋಗುತ್ತದೆ. ಬಿಎಲ್‌ಎಸ್‌ನಲ್ಲಿ ಮಾನಸಿಕ ಆರೋಗ್ಯದ ಸೋಶಿಯಲ್ ವರ್ಕರ್‌ಗಳ ಪುಟ ತೆರೆದು, ನಗರವಾರು ಪಟ್ಟಿಯಲ್ಲಿ ಸ್ಯಾಕ್ರಮೆಂಟೊ ಮತ್ತು ಸ್ಯಾನ್ ಆಂಟೋನಿಯೊ ಎರಡನ್ನೂ ನೋಡಿ. ನಿಮ್ಮ ಕೆಳಗಿರುವವರಿಗೆ ಅಲ್ಲಿ ಎಷ್ಟು ಸಿಗುತ್ತದೆ ಅನ್ನುವುದು ಗೊತ್ತಾಗುತ್ತದೆ. ಅದರ ಮೇಲೆ ನಿಮಗೆ ಎಷ್ಟು ಸೇರಿಸಿದ್ದಾರೆ ಅನ್ನುವುದೇ ನೋಡಬೇಕಾದ್ದು.

ಊರಿಗೆ ತಕ್ಕ ಸಂಬಳ ಅನ್ನುವುದನ್ನು ಬಿಚ್ಚಿಟ್ಟು ಲೆಕ್ಕ ಮಾಡಿ ಕೊಡುವವರು ಅಂದರೆ ಫೆಡರಲ್ ಸರ್ಕಾರ. ನಿವೃತ್ತ ಸೈನಿಕರ ಆಸ್ಪತ್ರೆಗಳಾದ ವಿಎಯಲ್ಲಿ ಸೋಶಿಯಲ್ ವರ್ಕರ್‌ಗಳು ಜಿಎಸ್ ಅನ್ನುವ ಫೆಡರಲ್ ವೇತನ ಪಟ್ಟಿಯಲ್ಲಿ ಬರುತ್ತಾರೆ. ಸೂಪರ್‌ವೈಸರ್ ಅಂದರೆ ಸಾಮಾನ್ಯವಾಗಿ 12ನೇ ಗ್ರೇಡ್ ಅಥವಾ ಅದರ ಮೇಲೆ. 2025ರಲ್ಲಿ 12ನೇ ಗ್ರೇಡಿನ ಮೊದಲ ಮೆಟ್ಟಿಲಿನ ಮೂಲ ಸಂಬಳ 75,706. ಅದರ ಮೇಲೆ ಊರಿನ ಭತ್ಯೆ: ಸ್ಯಾನ್ ಫ್ರಾನ್ಸಿಸ್ಕೊ ಪ್ರದೇಶದಲ್ಲಿ 46.34 ಶೇಕಡಾ, ಪ್ರತ್ಯೇಕ ದರ ಇಲ್ಲದ ಊರುಗಳಲ್ಲಿ 17.06. ಅಂದರೆ ಒಂದೇ ಕುರ್ಚಿಗೆ ಒಂದು ಕಡೆ 1,10,788, ಇನ್ನೊಂದು ಕಡೆ 88,621. ಎರಡೂ ಊರಿನ ವಿಎಯಲ್ಲಿ ಖಾಲಿ ಹುದ್ದೆ ಇದೆಯಾ ನೋಡಿ. ಅರ್ಜಿ ಹಾಕದಿದ್ದರೂ ಆ ಅಂಕಿ ನಿಮಗೆ ಒಳ್ಳೆಯ ಅಳತೆಗೋಲು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಇದು ಇನ್ನೂ ಸರಳ. ದೇಶಕ್ಕೆಲ್ಲ ಒಂದೇ ವೇತನ ಶ್ರೇಣಿ, ಅದರ ಮೇಲೆ ಲಂಡನ್ ಒಳಗೆ 20 ಶೇಕಡಾ, ಹೊರ ಲಂಡನ್‌ಗೆ 15, ಅಂಚಿಗೆ 5. ನ್ಯೂಕ್ಯಾಸಲ್‌ನಲ್ಲಿದ್ದರೂ ಕಾರ್ನ್‌ವಾಲ್‌ನಲ್ಲಿದ್ದರೂ ಒಂದೇ. ನಮ್ಮ ಹಾಗೆ ಆಫರ್ ಹಿಡಿದು ತಲೆ ಕೆಡಿಸಿಕೊಳ್ಳುವ ಕೆಲಸ ಅಲ್ಲಿನವರಿಗೆ ಕಡಿಮೆ.

ದೊಡ್ಡ ಊರಲ್ಲೇ ಜಾಸ್ತಿ ಅಂತಲೂ ತಿಳಿಯಬೇಡಿ. ನನ್ನ ಹಳೇ ಸಹೋದ್ಯೋಗಿಯೊಬ್ಬರು ಬೇ ಏರಿಯಾ ಬಿಟ್ಟು ಒಳನಾಡಿನ ಸಣ್ಣ ಊರಿಗೆ ಹೋದರು. ಸಂಬಳ ಸ್ವಲ್ಪ ಇಳಿಯಿತು. ನಾವೆಲ್ಲ ಅಯ್ಯೋ ಅಂದೆವು. ಆದರೆ ಅದು ವೈದ್ಯಕೀಯ ಸಿಬ್ಬಂದಿ ಕೊರತೆ ಇರುವ ಪ್ರದೇಶ ಅಂತ ಸರ್ಕಾರ ಗುರುತಿಸಿದ ಜಾಗ. ನ್ಯಾಷನಲ್ ಹೆಲ್ತ್ ಸರ್ವಿಸ್ ಕೋರ್ ಅನ್ನುವ ಫೆಡರಲ್ ಯೋಜನೆ ಅಂಥ ಕಡೆ ಎರಡು ವರ್ಷ ಪೂರ್ಣಾವಧಿ ಕೆಲಸ ಮಾಡುವ ಎಲ್‌ಸಿಎಸ್‌ಡಬ್ಲ್ಯುಗಳ ಓದಿನ ಸಾಲದಲ್ಲಿ 50 ಸಾವಿರ ಡಾಲರ್‌ವರೆಗೆ ತೀರಿಸುತ್ತದೆ. ಅದಕ್ಕೆ ಆದಾಯ ತೆರಿಗೆಯೂ ಇಲ್ಲ. ವರ್ಷಕ್ಕೆ 25 ಸಾವಿರ ಕೈಗೆ ಬಂದ ಹಾಗೆ. ಮೇಲೆ ನಿಮ್ಮ 16 ಸಾವಿರ ಕರಗಿ ಐದು ಆಗಿದ್ದನ್ನು ನೋಡಿದಿರಲ್ಲ, ಇದು ಕರಗುವುದಿಲ್ಲ. ನಿಮಗೆ ಓದಿನ ಸಾಲ ಇನ್ನೂ ಇದ್ದರೆ ಎರಡೂ ಕ್ಲಿನಿಕ್‌ಗಳನ್ನು ಇದೊಂದನ್ನು ಕೇಳದೆ ಬಿಡಬೇಡಿ. ಆದರೆ ಇದು ಕ್ಲೈಂಟ್ ನೋಡುವವರಿಗೆ ಇರುವ ಯೋಜನೆ. ಬರೀ ಸೂಪರ್‌ವಿಷನ್ ಮತ್ತು ಕಾಗದಪತ್ರದ ಕುರ್ಚಿಯಾದರೆ ಅರ್ಹತೆಯ ನಿಯಮ ಮೊದಲೇ ಓದಿಕೊಳ್ಳಿ.

ಲೈಸೆನ್ಸ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಟೆಕ್ಸಾಸ್‌ನ ಲೈಸೆನ್ಸ್ ಕ್ಯಾಲಿಫೋರ್ನಿಯಾದಲ್ಲಿ ನಡೆಯುವುದಿಲ್ಲ. ಅಲ್ಲಿನ ಬೋರ್ಡಿಗೆ ಹೊಸದಾಗಿ ಅರ್ಜಿ ಹಾಕಬೇಕು, ಅಲ್ಲಿನ ಕಾನೂನು ಮತ್ತು ನೀತಿಯ ಪರೀಕ್ಷೆ ಬರೆಯಬೇಕು. ಟೆಕ್ಸಾಸ್‌ನಲ್ಲಿ 40 ಗಂಟೆಯ ಸೂಪರ್‌ವೈಸರ್ ಕೋರ್ಸ್ ಮಾಡಿದವರೇ ಆದರೂ, ಕ್ಯಾಲಿಫೋರ್ನಿಯಾದ 15 ಗಂಟೆಯ ತರಬೇತಿಗೆ ಅದು ಲೆಕ್ಕಕ್ಕೆ ಬರುತ್ತದಾ ಅಂತ ಬೋರ್ಡ್‌ನಿಂದ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಲೈಸೆನ್ಸ್ ಬರುವವರೆಗೆ ಎಷ್ಟು ಸಂಬಳ, ಯಾವ ಹುದ್ದೆ ಅನ್ನುವುದನ್ನೂ ಕೇಳಿ. ನನ್ನನ್ನು ಕರೆದವರು ಆ ನಾಲ್ಕು ತಿಂಗಳು ಕಡಿಮೆ ದರ್ಜೆಯಲ್ಲಿ ಕೂರಿಸಿದ್ದರು. ಆಫರ್ ಲೆಟರ್‌ನ ಎರಡನೇ ಪುಟದಲ್ಲಿ ಇತ್ತು, ನಾನು ಓದಿರಲಿಲ್ಲ. ತಪ್ಪು ನನ್ನದೇ.

ಚೌಕಾಸಿ ಮಾಡುವಾಗ ಕ್ಯಾಲಿಫೋರ್ನಿಯಾದ ಎರಡು ಕಾನೂನು ನಿಮ್ಮ ಪರ ಇವೆ. ಹದಿನೈದು ಅಥವಾ ಹೆಚ್ಚು ಸಿಬ್ಬಂದಿ ಇರುವವರು 2023ರಿಂದ ಜಾಹೀರಾತಿನಲ್ಲೇ ಸಂಬಳದ ಕೆಳಮಿತಿ ಮೇಲ್ಮಿತಿ ಹಾಕಬೇಕು. ನಿಮ್ಮ ಈಗಿನ ಸಂಬಳ ಎಷ್ಟು ಅಂತ ಅವರು ಕೇಳುವಂತಿಲ್ಲ. ಕೇಳಿದರೂ ನೀವು ಹೇಳಬೇಕಿಲ್ಲ. ನಾನು ಮುಗ್ಧವಾಗಿ ಹೇಳಿಬಿಟ್ಟಿದ್ದೆ. ಅದರ ಮೇಲೆ 24 ಸೇರಿಸಿ ಕೊಟ್ಟು ದೊಡ್ಡ ಉಪಕಾರ ಮಾಡಿದವರ ಹಾಗೆ ನಕ್ಕರು. ಆಮೇಲೆ ಗೊತ್ತಾಯಿತು, ಪಕ್ಕದ ಕೋಣೆಯ ಸೂಪರ್‌ವೈಸರ್‌ಗೆ ನನಗಿಂತ 9 ಸಾವಿರ ಜಾಸ್ತಿ ಇತ್ತು. ಟೆಕ್ಸಾಸ್‌ನಲ್ಲಿ ಇಂಥ ಕಾನೂನು ಇಲ್ಲ, ಹಾಗಾಗಿ ಸ್ಯಾನ್ ಆಂಟೋನಿಯೊದವರನ್ನು ನೀವೇ ಬಾಯಿಬಿಟ್ಟು ಕೇಳಬೇಕು.

ನಾನಾಗಿದ್ದರೆ ಏನು ಮಾಡುತ್ತಿದ್ದೆ? ಸ್ಯಾಕ್ರಮೆಂಟೊದವರದು ಕೌಂಟಿಯ ಕೆಲಸವೇ ಆಗಿದ್ದರೆ, ಪಿಂಚಣಿ ಮತ್ತು ಯೂನಿಯನ್ ಇರುತ್ತದೆ, ವರ್ಷ ವರ್ಷ ಮೆಟ್ಟಿಲು ಏರುವ ಪಟ್ಟಿ ಎಲ್ಲರ ಕಣ್ಣಿಗೂ ಬೀಳುವ ಹಾಗೆ ಹಾಕಿರುತ್ತಾರೆ. ಆಗ ಕಣ್ಣು ಮುಚ್ಚಿ ಹೋಗುತ್ತಿದ್ದೆ. ಕೌಂಟಿಯಿಂದ ಗುತ್ತಿಗೆ ತೆಗೆದುಕೊಂಡ ಖಾಸಗಿ ಸಂಸ್ಥೆಯಾಗಿದ್ದರೆ 98ಕ್ಕೆ ಹೋಗುತ್ತಿರಲಿಲ್ಲ. 106 ಕೇಳುತ್ತಿದ್ದೆ, ಸ್ವಂತ ಕ್ಲೈಂಟ್‌ಗಳು ವಾರಕ್ಕೆ ಆರಕ್ಕಿಂತ ಜಾಸ್ತಿ ಬೇಡ ಅಂತ ಬರೆಸಿಕೊಳ್ಳುತ್ತಿದ್ದೆ. ಅವರು ಒಪ್ಪದಿದ್ದರೆ ಸ್ಯಾನ್ ಆಂಟೋನಿಯೊದ 82ರಲ್ಲೇ ಇದ್ದು, ಅದನ್ನು 86 ಮಾಡಿಸಲು ನೋಡುತ್ತಿದ್ದೆ. ಮೇಲಿನ ಲೆಕ್ಕದಲ್ಲಿ ತೆರಿಗೆ ಕಳೆದ ಮೇಲೂ ಆ ನಾಲ್ಕು ಸಾವಿರ, ಸ್ಯಾಕ್ರಮೆಂಟೊದಲ್ಲಿ ಹೆಚ್ಚಾಗಿ ಕೈಗೆ ಉಳಿಯುವ ಐದು ಸಾವಿರದ ಅರ್ಧಕ್ಕಿಂತ ಹೆಚ್ಚನ್ನು ತಿಂದುಹಾಕುತ್ತದೆ, ಮನೆಯನ್ನೂ ಖಾಲಿ ಮಾಡಬೇಕಿಲ್ಲ.

ಸ್ಯಾಕ್ರಮೆಂಟೊದವರದು ಕೌಂಟಿಯೋ ಗುತ್ತಿಗೆಯೋ ಅಂತ ನೀವು ಬರೆದಿಲ್ಲ. ಕೆಳಗೆ ತಿಳಿಸಿದರೆ ಇನ್ನೂ ಸರಿಯಾಗಿ ಹೇಳಬಹುದು.